ನಿಂತ ವಾಹನದ ಲೆಕ್ಕ

ಅಮೆರಿಕದ ಪೊಲೀಸ್ ವಾಹನವೆಂದರೆ ನಿಮಗೆ ಅದರ ವೇಗ ನೆನಪಾಗಬಹುದು. ಆದರೆ ಅದು ಗಂಟೆಗಟ್ಟಲೆ ರಸ್ತೆಬದಿಯಲ್ಲಿ ನಿಂತಿರುವುದೂ ಉಂಟು. ರೇಡಿಯೊ, ಕಂಪ್ಯೂಟರ್, ದೀಪಗಳಿಗೆ ವಿದ್ಯುತ್ ಬೇಕು. ಅದಕ್ಕಾಗಿ ಎಂಜಿನ್ ಓಡುತ್ತಲೇ ಇರುತ್ತದೆ. ಹೈಬ್ರಿಡ್‌ನಲ್ಲಿ ಈ ಹೊರೆಯನ್ನು ದೊಡ್ಡ ಬ್ಯಾಟರಿ ಹೊರುತ್ತದೆ. ಎಂಜಿನ್ ಆಗಾಗ ಚಾಲೂ ಆಗಿ ಅದನ್ನು ಚಾರ್ಜ್ ಮಾಡಿದರೆ ಸಾಕು. ಫೋರ್ಡ್ 2020ರ ಮಾದರಿಯ ಪೊಲೀಸ್ ಎಸ್‌ಯುವಿಯಲ್ಲಿ ಇದನ್ನೇ ಅಳವಡಿಸಿತು.

ಡಾಡ್ಜ್‌ಗೂ ಈ ತಂತ್ರ ಗೊತ್ತಿತ್ತು. 2008ರಲ್ಲೇ ತನ್ನ ದೊಡ್ಡ ಎಸ್‌ಯುವಿ ಡ್ಯುರಾಂಗೊಗೆ ಹೈಬ್ರಿಡ್ ತಂದು, ಅದೇ ವರ್ಷ ಕಾರ್ಖಾನೆ ಮುಚ್ಚಿದಾಗ ಕೈಬಿಟ್ಟಿತು. ಸಂಸ್ಥೆ ಆಗ ಕಷ್ಟದಲ್ಲಿತ್ತು, ಒಪ್ಪೋಣ. ಆದರೆ 2018ರ ಪೊಲೀಸ್ ಡ್ಯುರಾಂಗೊದಲ್ಲೂ ಬರೀ ಪೆಟ್ರೋಲ್ ಎಂಜಿನ್‌ಗಳೇ! ಅವುಗಳಲ್ಲೊಂದು 5.7 ಲೀಟರಿನದು. 2020ರಲ್ಲಿ ಗ್ರ್ಯಾಂಡ್ ಕ್ಯಾರವಾನ್, ಜರ್ನಿ ನಿಂತವು. ಮೂರು ಸಾಲು ಆಸನ ಬೇಕೆಂದ ಕುಟುಂಬಕ್ಕೂ ಡಾಡ್ಜ್‌ನಲ್ಲಿ ಉಳಿದದ್ದು ಇದೇ ಡ್ಯುರಾಂಗೊ. ಆಗಲೂ ಅದರಲ್ಲಿ ಹೈಬ್ರಿಡ್ ಇರಲಿಲ್ಲ.