ಒಂದು ಓರೆಗೆರೆಯ ಜಗಳ

‘ಲಿನಕ್ಸ್’ ಅನ್ನಬೇಕೋ, ‘ಗ್ನೂ/ಲಿನಕ್ಸ್’ ಅನ್ನಬೇಕೋ? ಹೊರಗಿನವರಿಗೆ ಇದು ಬರೀ ತಲೆಹರಟೆ ಅನ್ನಿಸೀತು. ಆದರೆ ಸ್ವತಂತ್ರ ತಂತ್ರಾಂಶದ ಲೋಕದಲ್ಲಿ ದಶಕಗಳಿಂದ ನಡೆದಿರುವ ಈ ಜಗಳದ ಒಳಗೆ ಸಾಹಿತ್ಯದ ಓದುಗರಿಗೆ ಪರಿಚಿತವಾದ ಪ್ರಶ್ನೆಯೊಂದಿದೆ: ಹಲವರು ಕೂಡಿ ಕಟ್ಟಿದ ಕೃತಿಗೆ ಯಾರ ಹೆಸರು? ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಹೆಸರಿನ ಪರವಾಗಿ ಬರೆದ ‘ಲಿನಕ್ಸ್ ಮತ್ತು ಗ್ನೂ ವ್ಯವಸ್ಥೆ’ ಎಂಬ ಲೇಖನವನ್ನು ನಾನು ಈ ಪ್ರಶ್ನೆ ಇಟ್ಟುಕೊಂಡೇ ಓದಿದೆ.

ಕತೆ ಸಣ್ಣದು. ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ಒಂದು ಪೂರ್ಣ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವುದಾಗಿ ಸ್ಟಾಲ್ಮನ್ 1983ರಲ್ಲಿ ಸಾರಿದರು. ಅದೇ ಗ್ನೂ. ಕಂಪೈಲರ್, ಎಡಿಟರ್, ಶೆಲ್ ಎಲ್ಲ ಸಿದ್ಧವಾದವು. ಯಂತ್ರದ ಜೊತೆ ನೇರ ಮಾತಾಡುವ ಕರ್ನಲ್ ಮಾತ್ರ ಬಾಕಿ ಉಳಿಯಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಒಂದು ಕರ್ನಲ್ ಬರೆದರು. ಮರುವರ್ಷ ಅದನ್ನು ಗ್ನೂ ಪರವಾನಗಿಯಡಿ ಬಿಟ್ಟರು. ಎರಡೂ ಕೂಡಿ ವ್ಯವಸ್ಥೆ ಪೂರ್ಣವಾಯಿತು. ಜನರ ಬಾಯಲ್ಲಿ ಉಳಿದದ್ದು ಕರ್ನಲ್‌ನ ಹೆಸರು. ಆ ಹೆಸರೂ ಟೋರ್ವಾಲ್ಡ್ಸ್ ಮೊದಲು ಆರಿಸಿದ್ದಲ್ಲ. ಅವರು ಯೋಚಿಸಿದ್ದು ‘ಫ್ರೀಯಾಕ್ಸ್’. ಸರ್ವರ್‌ನಲ್ಲಿ ಜಾಗ ಕೊಟ್ಟ ಗೆಳೆಯ ಆ ಫೋಲ್ಡರಿಗೆ ‘ಲಿನಕ್ಸ್’ ಎಂದು ಹೆಸರಿಟ್ಟ.

ಸ್ಟಾಲ್ಮನ್ ಲೇಖನದಲ್ಲಿ ಎರಡು ವಾದಗಳು ಹೆಣೆದುಕೊಂಡಿವೆ. ಮೊದಲನೆಯದು ನ್ಯಾಯದ ಲೆಕ್ಕ. ಸಿಡಿ ಮಾರುವವರೊಬ್ಬರು ತಮ್ಮ ವ್ಯವಸ್ಥೆಯ ಮೂಲಸಂಕೇತವನ್ನು ಎಣಿಸಿದಾಗ ಗ್ನೂ ಪಾಲು ಸುಮಾರು ಶೇ. 28, ಕರ್ನಲ್ ಪಾಲು ಸುಮಾರು ಶೇ. 3 ಇತ್ತಂತೆ. ಅಂಕಿ ಜೋರಾಗಿದೆ. ಆದರೆ ಉಳಿದ ಮೂರನೇ ಎರಡು ಭಾಗಕ್ಕೂ ಹೆಚ್ಚು ಕೆಲಸ ಮಾಡಿದವರು ಯಾವ ಓರೆಗೆರೆಯ ಪಕ್ಕ ನಿಲ್ಲಬೇಕು? ಇಡೀ ವ್ಯವಸ್ಥೆಯನ್ನು ಮೊದಲು ಕನಸಿ ಕಟ್ಟಹೊರಟವರು ತಾವು ಎಂಬುದು ಸ್ಟಾಲ್ಮನ್ ಉತ್ತರ. ಆ ಮಾತು ನಿಜ. ಆದರೆ ಅಲ್ಲಿಗೆ ತಕ್ಕಡಿಯೇ ಬದಲಾಯಿತು. ತೂಗುತ್ತಿದ್ದದ್ದು ದುಡಿಮೆ, ಈಗ ತೂಗುತ್ತಿರುವುದು ಸಂಕಲ್ಪ.

ಹೆಸರು ಹೇಳಿಸುವುದರ ಕಷ್ಟವನ್ನು ಸ್ಟಾಲ್ಮನ್‌ರಷ್ಟು ಚೆನ್ನಾಗಿ ತೋರಿಸಿದವರೂ ಕಡಿಮೆ. ಬಿಎಸ್‌ಡಿಯ ಹಳೆಯ ಪರವಾನಗಿಯಲ್ಲಿ, ಜಾಹೀರಾತಿನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯವನ್ನು ನೆನೆಯಲೇಬೇಕೆಂಬ ಷರತ್ತಿತ್ತು. ಅದನ್ನು ನಕಲು ಮಾಡಿದವರೆಲ್ಲ ತಮ್ಮ ತಮ್ಮ ಹೆಸರು ಸೇರಿಸುತ್ತ ಹೋದರು. ನೆಟ್‌ಬಿಎಸ್‌ಡಿಯ 1997ರ ಒಂದು ಆವೃತ್ತಿಯಲ್ಲಿ ಅಂಥ 75 ವಾಕ್ಯಗಳನ್ನು ಎಣಿಸಿ ಆಕ್ಷೇಪಿಸಿದವರು ಸ್ಟಾಲ್ಮನ್ನರೇ. 1999ರಲ್ಲಿ ಬರ್ಕ್ಲಿ ಆ ಷರತ್ತನ್ನು ಕೈಬಿಟ್ಟಿತು. ಅದು ಕಾನೂನಿನ ಕಟ್ಟಳೆ, ಗ್ನೂ ಹೆಸರಿನದು ಬರೀ ಕೋರಿಕೆ ಎಂಬ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಆದರೂ ಎಲ್ಲರ ಋಣವನ್ನು ಹಣೆಪಟ್ಟಿಯಲ್ಲಿ ತೀರಿಸಲಾಗದು ಎಂಬ ಪಾಠ ಎರಡಕ್ಕೂ ಒಂದೇ.

ಎರಡನೆಯ ವಾದವೇ ಗಟ್ಟಿ: ಹೆಸರು ಉದ್ದೇಶವನ್ನು ಹೊತ್ತು ತರುತ್ತದೆ. ಟೋರ್ವಾಲ್ಡ್ಸ್ ಸಹಲೇಖಕರೊಂದಿಗೆ ಬರೆದ ಆತ್ಮಕಥೆಯ ಹೆಸರೇ ‘ಜಸ್ಟ್ ಫಾರ್ ಫನ್’. ಆ ಖುಷಿಯೂ ದೊಡ್ಡದೇ. ಆದರೆ ಬರೀ ‘ಲಿನಕ್ಸ್’ ಎಂದು ಕೇಳಿದವನಿಗೆ, ಬಳಕೆದಾರರ ಸ್ವಾತಂತ್ರ್ಯಕ್ಕಾಗಿ ಒಬ್ಬರು ಮೊದಲೇ ಪಣತೊಟ್ಟಿದ್ದರು ಎಂಬ ಸಂಗತಿ ತಲುಪುವುದೇ ಇಲ್ಲ. ಲೇಖನ ಈ ಒಂದೇ ಮಾತಿಗೆ ಅಂಟಿಕೊಂಡಿದ್ದರೆ ಶೇಕಡಾವಾರಿನ ಊರುಗೋಲು ಬೇಕಿರಲಿಲ್ಲ.

ಹಾಗಾದರೆ ದುಡಿದವರ ಹೆಸರು ಎಲ್ಲಿರಬೇಕು? ಉತ್ತರ ಈ ವ್ಯವಸ್ಥೆಯ ಒಳಗೇ ಇದೆ. ಪರದೆಯ ಮೇಲೆ ‘ಕಡತ’ ಎಂಬ ಕನ್ನಡ ಪದ ಕಂಡರೆ, ಅದನ್ನು ಯಾರೋ ಕೂತು ಅನುವಾದಿಸಿದ್ದಾರೆ. ‘ಗ್ನೂ ಗೆಟ್‌ಟೆಕ್ಸ್ಟ್’ ಪದ್ಧತಿಯ ಅನುವಾದ ಕಡತಗಳ ತಲೆಯಲ್ಲಿ ಕೊನೆಯ ಅನುವಾದಕರ ಹೆಸರಿಗೆ ಒಂದು ಸಾಲು ಮೀಸಲು. ಗ್ನೋಮ್‌ನ ತಂತ್ರಾಂಶಗಳಲ್ಲಂತೂ ‘ಅನುವಾದಕರ ಶ್ರೇಯ’ ಎಂಬರ್ಥದ ಒಂದು ನುಡಿಯಿರುತ್ತದೆ; ಅದನ್ನು ಅನುವಾದಿಸುವುದೆಂದರೆ ಆ ಜಾಗದಲ್ಲಿ ಅನುವಾದಕರ ಹೆಸರು ಬರೆಯುವುದು. ‘ಲಿನಕ್ಸ್’ ಎಂದರೂ ‘ಗ್ನೂ/ಲಿನಕ್ಸ್’ ಎಂದರೂ ಹೊರಗುಳಿಯುವ ಈ ಜನ ಸಿಗುವುದು ಇಲ್ಲೇ, ಅದೂ ತೆರೆದು ನೋಡಿದವರಿಗೆ ಮಾತ್ರ.

ನಾನು ‘ಗ್ನೂ/ಲಿನಕ್ಸ್’ ಎಂದೇ ಬರೆಯುತ್ತೇನೆ. ಅದರಿಂದ ಯಾರ ಋಣವೂ ತೀರುವುದಿಲ್ಲ. ಕೇಳಿದವರು ‘ಗ್ನೂ ಅಂದರೇನು?’ ಎಂದು ಒಮ್ಮೆ ಕೇಳಿದರೆ ಆ ಓರೆಗೆರೆಯ ಕೆಲಸ ಆಯಿತು.