ಯಾತ್ರೆ, ಜಾತ್ರೆ ಮತ್ತು ಮರಳುವಿಕೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರವನ್ನು ಅನುಲಕ್ಷಿಸಿ

ಸಂಸ್ಕೃತದ ‘ಯಾತ್ರಾ’ ಶಬ್ದವು ಕನ್ನಡದಲ್ಲಿ ಎರಡು ರೂಪಗಳನ್ನು ತಳೆದಿದೆ. ತತ್ಸಮವಾದ ‘ಯಾತ್ರೆ’ಯು ಹೋಗುವಿಕೆಯನ್ನು ಹೇಳಿದರೆ, ತದ್ಭವವಾದ ‘ಜಾತ್ರೆ’ಯು ಕೂಡುವಿಕೆಯನ್ನು ಹೇಳುತ್ತದೆ. ವಿದ್ವತ್ತಿನ ವಲಯವೂ ಈ ಭೇದವನ್ನು ಹಾಗೆಯೇ ಉಳಿಸಿಕೊಂಡು ಬಂದಿತು. ತೀರ್ಥಯಾತ್ರೆಯು ಧರ್ಮಶಾಸ್ತ್ರ ಮತ್ತು ತತ್ತ್ವಶಾಸ್ತ್ರಗಳ ವಸ್ತುವಾಯಿತು. ಜಾತ್ರೆಯು ಜಾನಪದದ ಪಾಲಿಗೆ ಬಂದಿತು. ಇದರಿಂದಾಗಿ ಮೊದಲನೆಯದಕ್ಕೆ ವ್ಯಕ್ತಿಯ ಅಂತರಂಗದ ಅರ್ಥವೂ ಎರಡನೆಯದಕ್ಕೆ ಸಮೂಹದ ಸಂಭ್ರಮದ ಅರ್ಥವೂ ಮೀಸಲಾದವು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಆಚರಣೆಗಳನ್ನು ಗಮನಿಸಿದಾಗ ಈ ವಿಭಜನೆಯು ನಿಲ್ಲುವುದಿಲ್ಲ. ಇಲ್ಲಿ ಯಾತ್ರೆಯ ಅರ್ಥವು ಮನೆಯನ್ನು ಬಿಡುವುದರಲ್ಲಿಲ್ಲ, ಋಣವನ್ನು ತೀರಿಸಿ ಮರಳುವುದರಲ್ಲಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸಿದ್ಧಾಂತಗಳ ನೆಲೆ

ಅರ್ನಾಲ್ಡ್ ವಾನ್ ಜೆನಪ್ 1909ರಲ್ಲಿ ಸಂಕ್ರಮಣದ ಆಚರಣೆಗಳನ್ನು ಅಗಲಿಕೆ, ಹೊಸ್ತಿಲು, ಮರುಸೇರ್ಪಡೆ ಎಂಬ ಮೂರು ಹಂತಗಳಾಗಿ ವಿಂಗಡಿಸಿದರು. ವಿಕ್ಟರ್ ಟರ್ನರ್ ಅವರು 1969ರ ತಮ್ಮ ಗ್ರಂಥದಲ್ಲಿ ನಡುವಿನ ಹೊಸ್ತಿಲ ಸ್ಥಿತಿಯನ್ನು ವಿಸ್ತರಿಸಿದರು. 1978ರಲ್ಲಿ ಎಡಿತ್ ಟರ್ನರ್ ಅವರೊಂದಿಗೆ ಅದನ್ನು ಕ್ರೈಸ್ತ ಯಾತ್ರೆಗಳಿಗೆ ಅನ್ವಯಿಸಿದರು. ಯಾತ್ರಿಕನು ತನ್ನ ಅಂತಸ್ತನ್ನು ಕಳಚಿಟ್ಟು ಸಮಭಾವದ ಸಮುದಾಯವೊಂದರಲ್ಲಿ ಬೆರೆಯುತ್ತಾನೆ ಎಂಬುದು ಅವರ ನಿಲುವಿನ ಸಾರ. ಹಜ್ ಯಾತ್ರೆಯಲ್ಲಿ ಪುರುಷರು ಧರಿಸುವ ಹೊಲಿಗೆಯಿಲ್ಲದ ಎರಡು ಬಿಳಿಯ ವಸ್ತ್ರಗಳ ಇಹ್ರಾಂ ಈ ನಿಲುವಿಗೆ ಉತ್ತಮ ನಿದರ್ಶನವೆನಿಸುತ್ತದೆ. ಆದರೆ ಟರ್ನರ್ ಅವರಿಗಿಂತ ಮೊದಲೇ, 1962ರಲ್ಲಿ, ಇರಾವತಿ ಕರ್ವೆಯವರು ಪಂಢರಪುರದ ವಾರಿಯನ್ನು ಕುರಿತ ತಮ್ಮ ಲೇಖನದಲ್ಲಿ ಒಂದೇ ದಿಂಡಿಯಲ್ಲಿ ಹಾಡುತ್ತ ನಡೆದವರು ಊಟದ ಹೊತ್ತಿಗೆ ಜಾತಿಯಂತೆ ಬೇರೆಯಾಗುವುದನ್ನು ನೋವಿನಿಂದ ದಾಖಲಿಸಿದ್ದರು. ಜಾನ್ ಈಡ್ ಮತ್ತು ಮೈಕೆಲ್ ಸಾಲ್‌ನೋ ಅವರ 1991ರ ಸಂಪಾದಿತ ಕೃತಿಯು ಯಾತ್ರಾಸ್ಥಳವನ್ನು ಪರಸ್ಪರ ಸ್ಪರ್ಧಿಸುವ ಅರ್ಥಗಳ ಅಖಾಡವೆಂದೇ ವಿವರಿಸಿತು.

ಈ ಎರಡೂ ಪಕ್ಷಗಳು ದಾರಿ ಮತ್ತು ಕ್ಷೇತ್ರಗಳನ್ನು ನೋಡಿದಷ್ಟು ಯಾತ್ರಿಕನ ಮನೆಯನ್ನು ನೋಡಲಿಲ್ಲ ಎನ್ನಬೇಕು. ಮನೆಯನ್ನು ಬಿಡುವುದೇ ಬಿಡುಗಡೆ ಎಂಬ ಭಾವನೆಯು ನೆಲೆಯಾಗಿ ಬದುಕುವವರ ಅನುಭವದಿಂದ ಹುಟ್ಟಿದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಭಾಗವನ್ನು ಭತ್ತದ ಸೀಮೆಯನ್ನಾಗಿ ಮಾಡಿದೆ. ನೀರು ತಲುಪದ ಲಿಂಗಸುಗೂರು, ಮಸ್ಕಿ ಭಾಗದ ಹಳ್ಳಿಗಳಲ್ಲಾದರೋ ಮನೆ ಬಿಡುವುದಕ್ಕೆ ಇರುವ ಹೆಸರು ‘ಗುಳೆ’. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳೊಂದಿಗೆ ದೂರದ ನಗರಗಳಿಗೆ ದುಡಿಯಲು ಹೋಗುವವರಿಗೆ ಅಗಲಿಕೆಯು ಆಧ್ಯಾತ್ಮಿಕ ಅನುಭವವಲ್ಲ, ಹೊಟ್ಟೆಪಾಡು. ಇಂಥವರ ಯಾತ್ರೆಯನ್ನು ಗುಳೆಯ ಎದುರಿಗಿಟ್ಟು ನೋಡಿದಾಗಲೇ ಅದರ ಅರ್ಥ ತಿಳಿಯುತ್ತದೆ.

ಮಸ್ಕಿ: ಅರಸನ ಯಾತ್ರೆ, ಒಕ್ಕಲಿನ ಯಾತ್ರೆ

ಗಣಿ ಎಂಜಿನಿಯರ್ ಸಿ. ಬೀಡನ್ ಅವರು 1915ರಲ್ಲಿ ಬೆಳಕಿಗೆ ತಂದ ಮಸ್ಕಿಯ ಕಿರುಶಾಸನವು ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಮೊದಲಿಗೆ ಖಚಿತಪಡಿಸಿತು. ಇತಿಹಾಸಕಾರರು ಈ ಹೆಸರಿಗೆ ಕೊಟ್ಟ ಮಹತ್ವವನ್ನು ಶಾಸನದ ಆಶಯಕ್ಕೆ ಕೊಟ್ಟಿಲ್ಲ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ದಕ್ಕುವುದಲ್ಲ, ಅದರಲ್ಲಿ ತೊಡಗಿದ ಸಣ್ಣವನಿಗೂ ದಕ್ಕುವುದು ಎಂಬುದು ಅದರ ತಿರುಳು. ಅಶೋಕನ ಯಾತ್ರೆಯ ವಿವರಗಳು ಬೇರೆಡೆಯ ಶಾಸನಗಳಲ್ಲಿವೆ. ವಿಹಾರಯಾತ್ರೆಯನ್ನು ಬಿಟ್ಟು ಧರ್ಮಯಾತ್ರೆಯನ್ನು ಕೈಗೊಂಡುದನ್ನು ಎಂಟನೆಯ ಬಂಡೆಶಾಸನ ತಿಳಿಸುತ್ತದೆ. ಬುದ್ಧನ ಜನ್ಮಸ್ಥಳವನ್ನು ದರ್ಶಿಸಿ, ಆ ಊರಿನ ಕಂದಾಯವನ್ನು ತಗ್ಗಿಸಿದುದನ್ನು ಲುಂಬಿನಿಯ ಸ್ತಂಭಶಾಸನ ತಿಳಿಸುತ್ತದೆ. ಅರಸನ ಯಾತ್ರೆಯೂ ಪಡೆಯುವುದರಲ್ಲಿ ಮುಗಿಯದೆ ಕೊಡುವುದರಲ್ಲಿ ಮುಗಿದಿದೆ ಎಂಬುದು ಇಲ್ಲಿ ಗಮನಾರ್ಹ.

ಅದೇ ಮಸ್ಕಿಯ ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ನೆಲೆಯನ್ನು ಜನರು ಎರಡನೆಯ ಶ್ರೀಶೈಲವೆಂದು ಕರೆಯುತ್ತಾರೆ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಕಂಬಿ ಹೊತ್ತು, ನಲ್ಲಮಲದ ಕಾಡು ಹಾಯ್ದು ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಳ್ಳುತ್ತಾರೆ. ಈ ಭಕ್ತರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಸೀರೆ, ಕುಪ್ಪಸ, ಅರಿಷಿಣ, ಕುಂಕುಮಗಳನ್ನು ಒಯ್ಯುವ ಈ ನಡಿಗೆಯು ಮೋಕ್ಷದ ಅರಸುವಿಕೆ ಎನ್ನುವುದಕ್ಕಿಂತ ಕೊಟ್ಟ ಮಗಳನ್ನು ಕಂಡುಬರುವ ತವರಿನ ಹೊಣೆಯಾಗಿದೆ. ಸ್ಥಾವರವನ್ನು ಪ್ರಶ್ನಿಸಿದ ಶರಣರ ಪರಂಪರೆಯನ್ನು ಗೌರವಿಸುವ ಸಮುದಾಯಗಳೇ ಈ ದಾರಿಯಲ್ಲಿ ಹೆಚ್ಚಾಗಿ ನಡೆಯುತ್ತವೆ. ಇದನ್ನು ವಿರೋಧಾಭಾಸವೆಂದು ತಳ್ಳಿಹಾಕುವಂತಿಲ್ಲ. ಅವರಿಗೆ ಶ್ರೀಶೈಲವು ಕಲ್ಲಿನ ಸ್ಥಾವರವಾಗಿರದೆ ಬೀಗತನದ ಮನೆಯಾಗಿದೆ. ಅಷ್ಟು ದೂರ ನಡೆಯಲಾರದವರಿಗೆ ಮಸ್ಕಿಯ ಬೆಟ್ಟವಿದೆ. ಜೆರುಸಲೇಮಿಗೆ ಹೋಗಲಾರದ ಕ್ರೈಸ್ತರಿಗಾಗಿ ಶಿಲುಬೆಯ ಹಾದಿಯ ಹದಿನಾಲ್ಕು ನಿಲ್ದಾಣಗಳು ಊರೂರಿನ ಚರ್ಚುಗಳಲ್ಲಿ ರೂಪುಗೊಂಡುದನ್ನು ಇದರೊಡನೆ ಹೋಲಿಸಬಹುದು. ಸಣ್ಣವನ ಕೈಗೆಟುಕುವಂತೆ ಕ್ಷೇತ್ರವನ್ನು ಹತ್ತಿರಕ್ಕೆ ತಂದುಕೊಳ್ಳುವ ಕ್ರಮವು ಎಲ್ಲ ಸಂಸ್ಕೃತಿಗಳಲ್ಲಿಯೂ ಕಾಣುತ್ತದೆ.

ಮುದಗಲ್: ಫಕೀರನಾಗುವುದು

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೆರೆಯ ರಾಜ್ಯಗಳ ಭಕ್ತರನ್ನೂ ಸೆಳೆಯುತ್ತದೆ. ಕ್ರಿ.ಶ. 680ರ ಕರ್ಬಲಾದ ದುರಂತವು ಇಲ್ಲಿ ಅಲಾಯಿ ಕುಣಿ, ಹೆಜ್ಜೆ ಕುಣಿತ, ರಿವಾಯತ್ ಪದಗಳ ಮೂಲಕ ಕನ್ನಡದ ಶೋಕವಾಗಿದೆ. ಹರಕೆ ಹೊತ್ತ ಹಿಂದೂಗಳು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಮನೆಮನೆಗೆ ಹೋಗಿ ಬೇಡುತ್ತಾರೆ, ಸಕ್ಕರೆ ಓದಿಸುತ್ತಾರೆ. ಇಹ್ರಾಮಿನ ಸಮಾನತೆ ಇಲ್ಲಿಯೂ ಇದೆ, ಆದರೆ ಅದರ ರೀತಿ ಬೇರೆ. ಇಹ್ರಾಂ ಧರಿಸಿದವನು ಅಪರಿಚಿತರ ನಡುವೆ ಸಮಾನನಾಗುತ್ತಾನೆ. ಫಕೀರನಾದವನು ತನ್ನನ್ನು ಬಲ್ಲವರ ಬಾಗಿಲಲ್ಲಿಯೇ ಕೈಯೊಡ್ಡುತ್ತಾನೆ. ಹೊಲವುಳ್ಳವನು ಕೂಲಿಯವನ ಮನೆಯ ಮುಂದೆ ಬೇಡಿ ನಿಲ್ಲುವುದು ಟರ್ನರ್ ಹೇಳಿದ ಸಮಭಾವಕ್ಕಿಂತ ಕಠಿಣವಾದ ಪರೀಕ್ಷೆ.

ಗುಳೆ ಹೋದವರು ಮರಳುವ ಹಬ್ಬವೂ ಇದೇ. ಚಾಂದ್ರಮಾನದ ಮೊಹರಂ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಅದು ಸುಗ್ಗಿಗೆ ಕಟ್ಟುಬಿದ್ದಿಲ್ಲ. ಕೈಯಲ್ಲಿ ಕೆಲಸವಿದ್ದರೂ ಬಿಟ್ಟು ಬರಬೇಕು. ಬೇಡುವುದು ನಗರದಲ್ಲಿ ಅವಮಾನ, ಊರಿನಲ್ಲಿ ವ್ರತ. ಬಡತನಕ್ಕೆ ಘನತೆ ತಂದುಕೊಡುವ ಈ ತಿರುವುಮುರುವಿನಲ್ಲಿ ಮುದಗಲ್ಲಿನ ಯಾತ್ರೆಯ ಆಧ್ಯಾತ್ಮಿಕ ಅರ್ಥವಿದೆ ಎನ್ನಬಹುದು.

ಅಂಬಾಮಠ: ಊರಿಗೆ ಬರುವ ಕ್ಷೇತ್ರ

ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಸಿದ್ಧಪರ್ವತದ ಅಂಬಾದೇವಿಗೆ ಬನದ ಹುಣ್ಣಿಮೆಯಲ್ಲಿ ಜಾತ್ರೆ ನಡೆಯುತ್ತದೆ. ಈ ಕ್ಷೇತ್ರದೊಡನೆ ಹೆಸರು ಬೆಸೆದುಕೊಂಡಿರುವ ಚಿದಾನಂದಾವಧೂತರ ದೇವೀಪುರಾಣವನ್ನು ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಹಚ್ಚು’ತ್ತಾರೆ. ಆಶ್ವಯುಜದಲ್ಲಿ ಕಾವ್ಯವು ಬೆಟ್ಟದಿಂದ ಊರಿಗೆ ಬರುತ್ತದೆ, ಪುಷ್ಯದಲ್ಲಿ ಊರು ಬೆಟ್ಟಕ್ಕೆ ಹೋಗುತ್ತದೆ. ಕೇಳುವಿಕೆ ಮತ್ತು ನಡೆಯುವಿಕೆಗಳ ಈ ಕೊಡುಕೊಳೆಯಲ್ಲಿ ಯಾತ್ರೆಯು ಒಮ್ಮೆಯ ಘಟನೆಯಾಗಿ ಉಳಿಯದೆ ವರ್ಷದ ಲಯವಾಗುತ್ತದೆ.

ಹರಕೆಯ ಇನ್ನೊಂದು ಮುಖ

ಈ ಮೂರೂ ನೆಲೆಗಳ ಸಮಾನ ಪರಿಭಾಷೆ ಸಾಲದ್ದು. ಹರಕೆಯನ್ನು ‘ಹೊರು’ತ್ತಾರೆ, ‘ತೀರಿಸು’ತ್ತಾರೆ, ಮುಡಿಪನ್ನು ಕಟ್ಟಿ ಜಗುಲಿಯ ಮೇಲೆ ಇಡುತ್ತಾರೆ. ಲೇವಾದೇವಿಯ ಸಾಲಕ್ಕೂ ದೇವರ ಸಾಲಕ್ಕೂ ಒಂದೇ ಕ್ರಿಯಾಪದ. ಆದರೆ ಮೊದಲನೆಯದು ಅವಮಾನಿಸುತ್ತದೆ, ಎರಡನೆಯದು ಕಾಯುತ್ತದೆ. ಹಾಗೆಂದು ಹರಕೆಯನ್ನು ವೈಭವೀಕರಿಸುವುದು ಅಧ್ಯಯನದ ಲೋಪವಾದೀತು. ಹೆತ್ತವರು ಹೊತ್ತ ಹರಕೆಗೆ ಹೆಣ್ಣುಮಗುವಿಗೆ ಮುತ್ತು ಕಟ್ಟಿದ ಪದ್ಧತಿ ಈ ಜಿಲ್ಲೆಯಲ್ಲಿಯೂ ಇದ್ದಿತು. 1982ರ ಕರ್ನಾಟಕ ದೇವದಾಸಿ ಸಮರ್ಪಣ ನಿಷೇಧ ಕಾಯಿದೆಯು ಅದನ್ನು ಅಪರಾಧವೆಂದು ಸಾರಿತು. ಅಲ್ಲಿ ಹರಕೆ ಹೊತ್ತವರು ಒಬ್ಬರು, ತೀರಿಸಿದವಳು ಇನ್ನೊಬ್ಬಳು; ಆಕೆಗೆ ಮರಳುವ ದಾರಿಯೇ ಇರಲಿಲ್ಲ. ಯಾತ್ರೆಯ ವೈಯಕ್ತಿಕ ಅರ್ಥವನ್ನು ಕುರಿತು ಮಾತನಾಡುವಾಗ ಆ ವ್ಯಕ್ತಿ ಯಾರು ಎಂದು ಕೇಳಲೇಬೇಕಾಗುತ್ತದೆ.

ಮರಳುವಿಕೆಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಈ ವಿವೇಚನೆ ಸಾಧ್ಯವಾಗುತ್ತದೆ. ಶ್ರೀಶೈಲದಿಂದ ಕಂಬಿ ಮರಳುತ್ತದೆ, ಲಾಡಿ ತೆಗೆದ ಫಕೀರನು ಹೊಲಕ್ಕೆ ಮರಳುತ್ತಾನೆ. ಮುತ್ತು ಕಟ್ಟಿಸಿಕೊಂಡವಳು ಮಾತ್ರ ಮರಳಲಿಲ್ಲ. ಯಾತ್ರೆಯನ್ನು ಬಿಡುಗಡೆಯೆಂದು ಮಾತ್ರ ಓದುವ ಸಿದ್ಧಾಂತಗಳಿಗೆ ಈ ಅಂತರ ಕಾಣುವುದಿಲ್ಲ. ‘ಜಾತ್ರೆ’ ಎಂಬ ತದ್ಭವವು ಹೋಗುವಿಕೆಯನ್ನು ಕೂಡುವಿಕೆಯಾಗಿ ಪರಿವರ್ತಿಸಿದಾಗ, ಕೂಡಿದವರೆಲ್ಲರೂ ಮನೆಗೆ ಮುಟ್ಟಬೇಕೆಂಬ ನಿರೀಕ್ಷೆಯನ್ನೂ ಅದರಲ್ಲಿ ಸೇರಿಸಿತು. ಕನ್ನಡದ ಯಾತ್ರಾ ಅಧ್ಯಯನವು ಆ ನಿರೀಕ್ಷೆಯಿಂದ ಆರಂಭವಾಗುವುದು ಉಚಿತ.