ನಲಿ–ಕಲಿ ಮತ್ತು ಹಳ್ಳಿ ಶಾಲೆಯ ದಾಖಲಾತಿ

ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಯೋಗ್ಯತೆಯನ್ನು ಅದರ ದಾಖಲಾತಿಯಿಂದ, ಎಂದರೆ ಶಾಲೆಗೆ ಸೇರಿದ ಮಕ್ಕಳ ಸಂಖ್ಯೆಯಿಂದ ಅಳೆಯುವ ರೂಢಿ ಕರ್ನಾಟಕದಲ್ಲಿ ಬೇರೂರಿದೆ. ಈ ಅಳತೆಗೋಲು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ನಲಿ–ಕಲಿ ಪದ್ಧತಿ ತಕ್ಕ ನಿದರ್ಶನವಾಗಿದೆ. ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಈ ಪದ್ಧತಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು.

ಒಬ್ಬ ಶಿಕ್ಷಕರೇ ಹಲವು ತರಗತಿಗಳಿಗೆ ಒಂದೇ ಕೋಣೆಯಲ್ಲಿ ಕಲಿಸುವುದನ್ನು ಬಹುವರ್ಗ ಬೋಧನೆ ಎನ್ನುತ್ತಾರೆ. ಸಣ್ಣ ಶಾಲೆಗೆ ಅನಿವಾರ್ಯವಾದ ಈ ಸ್ಥಿತಿಯನ್ನೇ ನಲಿ–ಕಲಿ ತನ್ನ ತಳಹದಿಯಾಗಿಸಿಕೊಂಡಿತು. ಇಲ್ಲಿ ಕೆಳ ತರಗತಿಗಳ ಮಕ್ಕಳು ಗುಂಪುಗಳಲ್ಲಿ ಕೂಡಿ ಕುಳಿತು, ಚಟುವಟಿಕೆಯ ಕಾರ್ಡುಗಳನ್ನು ಒಂದೊಂದಾಗಿ ಮುಗಿಸುತ್ತ, ಪಾಠಕ್ರಮವನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವುದರಿಂದ, ಐದೇ ಅಕ್ಷರ ಕಲಿತ ಮಗು ಅರಸ, ದಸರ, ಗರಗಸ ಎಂಬ ಪದಗಳನ್ನು ಓದಬಲ್ಲದು. ಸುಗ್ಗಿಯ ಕಾಲದಲ್ಲಿ ಶಾಲೆ ತಪ್ಪಿಸಿಕೊಂಡ ಮಗು ತಾನು ನಿಲ್ಲಿಸಿದ ಕಾರ್ಡಿನಿಂದಲೇ ಮುಂದುವರಿಯಬಲ್ಲದು.

ಪದ್ಧತಿಯ ದೋಷಗಳೂ ಗಂಭೀರವಾಗಿವೆ. ನಲಿ–ಕಲಿಯನ್ನು ಮುಗಿಸಿ ನಾಲ್ಕನೆಯ ತರಗತಿಗೆ ಬಂದ ಮಗು ಒಮ್ಮೆಲೇ ಪಠ್ಯಪುಸ್ತಕದ ಏಕರೂಪದ ಬೋಧನೆಗೆ ಒಗ್ಗಿಕೊಳ್ಳಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರನ್ನು ವಿಧಿಸುವುದರಿಂದ, ಅವರಲ್ಲೊಬ್ಬರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದ ದಿನ ಐದೂ ತರಗತಿಗಳು ಒಬ್ಬರ ಮೇಲೆ ಬಿದ್ದು, ಶಿಕ್ಷಕರು ಗುಂಪಿನ ನಡುವೆ ಕೂರಬೇಕೆಂಬ ಪದ್ಧತಿಯ ಮೂಲ ನಿಯಮವೇ ಮುರಿಯುತ್ತದೆ. ಮಗುವಿನ ಮುನ್ನಡೆಯನ್ನು ಗುರುತಿಸುವ ಪ್ರಗತಿನೋಟ ಶಾಲೆಯಲ್ಲೇ ಉಳಿಯುತ್ತದೆ. ಆದರೆ ಖಾಸಗಿ ಶಾಲೆಯ ಹೋಂವರ್ಕ್ ಮತ್ತು ಡೈರಿ ದಿನವೂ ಮನೆಗೆ ಬಂದು ಪೋಷಕರ ಕಣ್ಣಿಗೆ ಬೀಳುತ್ತವೆ.

ಆದರೂ ಹಳ್ಳಿ ಶಾಲೆಗಳಲ್ಲಿ ಕಾಣುವ ದಾಖಲಾತಿಯ ಕುಸಿತವನ್ನು ಈ ದೋಷಗಳ ತಲೆಗೆ ಕಟ್ಟುವುದು ಅವಸರದ ತೀರ್ಮಾನ. ಇಂಗ್ಲಿಷ್ ಮಾಧ್ಯಮವನ್ನು ಬಯಸುವ ಪೋಷಕರು ಮಗುವಿಗೆ ಸುಮಾರು ನಾಲ್ಕು ವರ್ಷವಾದಾಗಲೇ ಖಾಸಗಿ ಶಾಲೆಯ ಎಲ್‌ಕೆಜಿಗೆ ಸೇರಿಸುತ್ತಾರೆ; ಒಂದನೆಯ ತರಗತಿಯಿಂದ ತೊಡಗುವ ನಲಿ–ಕಲಿಗೆ ಆ ಮಗು ಸಿಗುವುದೇ ಇಲ್ಲ. 2018–19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಪೂರ್ವ ಪ್ರಾಥಮಿಕದಿಂದಲೇ ಮಕ್ಕಳನ್ನು ಸೇರಿಸಿಕೊಂಡು ಈ ಕೊರತೆಯನ್ನು ಗುರುತಿಸಿದವಾದರೂ, ದೊಡ್ಡ ಊರಿನ ಶಾಲೆಗೆ ಸಿಕ್ಕ ಸೌಲಭ್ಯ ಪಕ್ಕದ ಪುಟ್ಟ ಹಳ್ಳಿಯ ಶಾಲೆಯನ್ನು ಇನ್ನಷ್ಟು ಬರಿದಾಗಿಸುವ ಸಾಧ್ಯತೆಯನ್ನೂ ತಂದವು.

ಹೀಗಾಗಿ ಮಕ್ಕಳ ಸಂಖ್ಯೆಯು ಪೋಷಕರ ಆಯ್ಕೆಯನ್ನು ತಿಳಿಸುತ್ತದೆಯೇ ಹೊರತು ಕಲಿಕೆಯನ್ನಲ್ಲ. ಸಂಖ್ಯೆ ಕಡಿಮೆಯೆಂದು ಸಣ್ಣ ಶಾಲೆಯನ್ನು ಬೇರೊಂದು ಶಾಲೆಯಲ್ಲಿ ವಿಲೀನಗೊಳಿಸುವ ಮುನ್ನ ಅಲ್ಲಿ ಪೂರ್ವ ಪ್ರಾಥಮಿಕ ತರಗತಿ ಇತ್ತೇ, ಇಬ್ಬರು ಶಿಕ್ಷಕರು ವರ್ಷವಿಡೀ ಇದ್ದರೇ ಎಂದು ಕೇಳದ ಆಡಳಿತವು ತಾನು ಒದಗಿಸದ ಸೌಲಭ್ಯಕ್ಕೆ ಶಾಲೆಯನ್ನು ದಂಡಿಸಿದಂತಾಗುತ್ತದೆ.